ಬೇಸಿಗೆಯಲ್ಲಿ ಹಿನ್ನೀರಿನಿಂದ ಮೇಲೆದ್ದದ್ದು ‘ಪುರಾತನ ನಗರ’ವೇ? ಮೊದಲು ಹಳೆಯ ನಕಾಶೆ ನೋಡಿ, ಆಮೇಲೆ ಫಾರ್ವರ್ಡ್ ಮಾಡಿ

ಏಪ್ರಿಲ್–ಮೇ ತಿಂಗಳಲ್ಲಿ ಆಲಮಟ್ಟಿ ಜಲಾಶಯದ ನೀರು ಇಳಿಯುತ್ತದೆ. ಬೀಳಗಿ, ಜಮಖಂಡಿ, ಬಾಗಲಕೋಟೆ ಸುತ್ತ ಹಿನ್ನೀರು ಹಿಂದೆ ಸರಿದ ಕಡೆ ಮಣ್ಣಿನಡಿಯಿಂದ ಕಲ್ಲಿನ ಸಾಲು, ಗೋಡೆಯ ಬುನಾದಿ, ಬಾವಿಯ ಕಟ್ಟೆ, ಗುಡಿಯ ಜಗಲಿ ಕಾಣಿಸುತ್ತವೆ. ಯಾರೋ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಫೋಟೊ ಗುಂಪಿನಿಂದ ಗುಂಪಿಗೆ ಹೋಗುವಷ್ಟರಲ್ಲಿ ಅದಕ್ಕೆ ಒಂದು ಸಾಲು ಸೇರಿಕೊಳ್ಳುತ್ತದೆ: ‘ಕೃಷ್ಣೆಯ ತಳದಲ್ಲಿ ಸಾವಿರಾರು ವರ್ಷ ಹಳೆಯ ನಗರ ಪತ್ತೆ. ಎಲ್ಲರಿಗೂ ಶೇರ್ ಮಾಡಿ.’

ಇಂಥ ಸಂದೇಶ ನಿಮಗೂ ಬಂದರೆ ಏನು ಮಾಡಬೇಕು? ಪುರಾತತ್ವ ತಜ್ಞರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಣೆಕಟ್ಟಿಗೆ ನೀರು ಬರುವ ಮೊದಲು ಸರ್ಕಾರವೇ ಮಾಡಿಸಿದ ನಕಾಶೆಯ ಒಂದು ಹಾಳೆ ಸಾಕು.

ಚಿಕ್ಕ ಉತ್ತರ

ಬಹಳಷ್ಟು ಸಲ ಹಾಗೆ ಮೇಲೆದ್ದು ಕಾಣುವುದು ನಮ್ಮ ಅಜ್ಜ–ಅಜ್ಜಿಯರು ಬಾಳಿದ ಊರು. ಮೇಲ್ದಂಡೆ ಕೃಷ್ಣಾ ಯೋಜನೆಯಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಡೆಯಾದವು. ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಊರಿನ ಬುನಾದಿ ಅಲ್ಲೇ ಉಳಿಯಿತು. ಈ ಊರುಗಳೆಲ್ಲ 20ನೇ ಶತಮಾನದ ನಡುವಿನ ಭೂವಿವರ ನಕಾಶೆಗಳಲ್ಲಿ, ಅಂದರೆ ‘ಟೊಪೊಶೀಟ್’ಗಳಲ್ಲಿ, ಹೆಸರು ಸಮೇತ ಇವೆ. ಫೋಟೊ ತೆಗೆದ ಜಾಗ ಗೊತ್ತಿದ್ದರೆ ಅದು ಯಾವ ಊರು ಎಂದು ಅರ್ಧ ಗಂಟೆಯಲ್ಲಿ ಹೇಳಬಹುದು.

ನಿಜವಾಗಿಯೂ ಹಳೆಯ ಗುಡಿ, ಶಾಸನ, ವೀರಗಲ್ಲು ಆ ಊರುಗಳಲ್ಲಿ ಇದ್ದವು ಎಂಬುದು ಬೇರೆ ಮಾತು. ಊರಿನೊಳಗೊಂದು ಹಳೆಯ ಗುಡಿ ಇದ್ದ ಮಾತ್ರಕ್ಕೆ ಇಡೀ ಊರು ‘ಕಳೆದುಹೋದ ನಗರ’ ಆಗುವುದಿಲ್ಲ.

ಇದು ಯಾವ ನಕಾಶೆ?

ನಮಗೆ ಪರಿಚಯ ಇರುವುದು ತಲಾಟಿ ಕಚೇರಿಯ ಗ್ರಾಮ ನಕಾಶೆ. ಅದರಲ್ಲಿ ಸರ್ವೆ ನಂಬರು, ಹೊಲದ ಗಡಿ ಇರುತ್ತವೆ. ಟೊಪೊಶೀಟ್ ಬೇರೆ. ಅದನ್ನು ಮಾಡುವುದು 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾ. ಅದರಲ್ಲಿ ಯಾರ ಹೊಲ ಯಾವುದು ಎಂದು ಇರುವುದಿಲ್ಲ. ನೆಲ ಎಷ್ಟು ಎತ್ತರದಲ್ಲಿದೆ, ಹೊಳೆ ಎಲ್ಲಿ ತಿರುಗುತ್ತದೆ, ಹಳ್ಳ ಎಲ್ಲಿ ಸೇರುತ್ತದೆ, ಚಕ್ಕಡಿ ದಾರಿ ಯಾವ ಕಡೆ ಹೋಗುತ್ತದೆ, ಬಾವಿ, ಕೆರೆ, ಗುಡಿ, ಮಸೀದಿ, ಕೋಟೆ, ಅಂಚೆ ಕಚೇರಿ, ಪ್ರವಾಸಿ ಮಂದಿರ ಎಲ್ಲಿವೆ ಎಂದು ಇರುತ್ತದೆ.

ಮೆಟ್ರಿಕ್ ಪದ್ಧತಿ ಬರುವ ಮೊದಲು ಇವು ‘ಒಂದು ಇಂಚಿಗೆ ಒಂದು ಮೈಲಿ’ ಅಳತೆಯಲ್ಲಿ ಇರುತ್ತಿದ್ದವು. ನೆಲದ ಮೇಲಿನ ಒಂದು ಮೈಲಿ ಕಾಗದದ ಮೇಲೆ ಒಂದು ಇಂಚು. ಸುಲಭದ ಲೆಕ್ಕ: ನಕಾಶೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಅಗಲ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಆಮೇಲೆ ಬಂದ ಹಾಳೆಗಳ ಅಳತೆ 1:50,000. ಅಂದರೆ 2 ಸೆಂಟಿಮೀಟರಿಗೆ 1 ಕಿಲೋಮೀಟರ್.

ನಿಮ್ಮ ಊರಿನ ಹಾಳೆ ಯಾವುದು?

ಹಾಳೆಗಳಿಗೆ ಊರಿನ ಹೆಸರಿಗಿಂತ ಸಂಖ್ಯೆಯೇ ಮುಖ್ಯ. ಅದನ್ನು ಕಂಡುಹಿಡಿಯುವುದು ಮಗ್ಗಿ ಲೆಕ್ಕದಷ್ಟೇ ಸುಲಭ.

ಮೊಬೈಲಿನ ಮ್ಯಾಪಿನಲ್ಲಿ ನಿಮ್ಮ ಊರಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಭಾಗದ ಬಹುತೇಕ ಎಲ್ಲ ಊರುಗಳೂ 16ರಿಂದ 17 ಡಿಗ್ರಿ ಅಕ್ಷಾಂಶ, 75ರಿಂದ 76 ಡಿಗ್ರಿ ರೇಖಾಂಶದ ಒಳಗೆ ಬರುತ್ತವೆ. ಈ ಒಂದು ಡಿಗ್ರಿಯ ಚೌಕಕ್ಕೆ ಸರ್ವೆ ಆಫ್ ಇಂಡಿಯಾ ಕೊಟ್ಟ ಸಂಖ್ಯೆ 47ಪಿ.

ಈ ಚೌಕವನ್ನು ನಾಲ್ಕು ಕಂಬಸಾಲು, ನಾಲ್ಕು ಅಡ್ಡಸಾಲು ಮಾಡಿ 16 ಹಾಳೆಗಳಾಗಿ ಹಂಚಿದ್ದಾರೆ. ಎಣಿಕೆ ಎಡಗಡೆಯ ಮೇಲಿನ ಮೂಲೆಯಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತದೆ. ಮೊದಲ ಕಂಬಸಾಲಿನಲ್ಲಿ 1, 2, 3, 4. ಎರಡನೆಯದರಲ್ಲಿ 5ರಿಂದ 8. ಮೂರನೆಯದರಲ್ಲಿ 9ರಿಂದ 12. ನಾಲ್ಕನೆಯದರಲ್ಲಿ 13ರಿಂದ 16. ಪ್ರತಿ ಹಾಳೆ ಕಾಲು ಡಿಗ್ರಿಯದು. ನೆಲದ ಮೇಲೆ ಸುಮಾರು 27 ಕಿ.ಮೀ. ಉದ್ದ, ಅಷ್ಟೇ ಅಗಲ.

ಈ ಲೆಕ್ಕದಂತೆ:

• ಬೀಳಗಿ ಮತ್ತು ಸುತ್ತಲಿನ ಹಳ್ಳಿಗಳು: 47ಪಿ/11
• ಬಾಗಲಕೋಟೆ: 47ಪಿ/12
• ಮುಧೋಳ: 47ಪಿ/7
• ರಬಕವಿ–ಬನಹಟ್ಟಿ: 47ಪಿ/3
• ಆಲಮಟ್ಟಿ ಅಣೆಕಟ್ಟು: 47ಪಿ/15
• ಜಮಖಂಡಿ: 47ಪಿ/6 ಮತ್ತು 47ಪಿ/7 ಕೂಡುವ ಅಂಚಿನಲ್ಲಿ

ಜಮಖಂಡಿಯವರು ಎರಡೂ ಹಾಳೆ ಇಟ್ಟುಕೊಳ್ಳಬೇಕು. ಊರು ಒಂದರಲ್ಲಿ, ಹೊಲ ಇನ್ನೊಂದರಲ್ಲಿ ಆಗಿಬಿಡುತ್ತದೆ. ಕೂಡಲಸಂಗಮ 76 ಡಿಗ್ರಿಯ ಗೆರೆ ದಾಟಿ ಪೂರ್ವಕ್ಕಿದೆ. ಅದಕ್ಕೆ 56ಡಿ/4 ಹಾಳೆ ನೋಡಬೇಕು.

ಎಲ್ಲಿ ಸಿಗುತ್ತದೆ?

ಮೂರು ದಾರಿಗಳಿವೆ.

ಒಂದು, ಸರ್ವೆ ಆಫ್ ಇಂಡಿಯಾದ ಜಾಲತಾಣ. 2017ರಲ್ಲಿ ‘ನಕ್ಷೆ’ ಪೋರ್ಟಲ್ ಶುರುವಾದ ಮೇಲೆ ಸಾರ್ವಜನಿಕ ಬಳಕೆಯ 1:50,000 ನಕಾಶೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಅವಕಾಶವಾಯಿತು. ಆದರೆ ಇಲ್ಲಿ ಸಿಗುವುದು ಹೊಸ ಆವೃತ್ತಿ. ಹಳೆಯದರ ಜೊತೆ ಹೋಲಿಸಲು ಇದು ಬೇಕು. ಹೊಸ ಹಾಳೆಗಳ ಸಂಖ್ಯೆ ಬೇರೆ ಪದ್ಧತಿಯಲ್ಲಿದೆ. ನಮ್ಮ ಭಾಗದ್ದು ‘ಇ43’ರಿಂದ ಶುರುವಾಗುತ್ತದೆ.

ಎರಡು, ಅಮೆರಿಕದ ಸೇನೆಯ ನಕಾಶೆ ವಿಭಾಗ 1950ರ ದಶಕದಲ್ಲಿ ಭಾರತದ ಬಗ್ಗೆ ಮಾಡಿಸಿದ ‘ಯು502’ ಸರಣಿ. ಸರ್ವೆ ಆಫ್ ಇಂಡಿಯಾದ ಹಾಳೆಗಳನ್ನೇ ಆಧಾರವಾಗಿಟ್ಟುಕೊಂಡು ಮಾಡಿದ್ದು. ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಇವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದೆ. 16–17 ಡಿಗ್ರಿ ಅಕ್ಷಾಂಶ, 75–76.5 ಡಿಗ್ರಿ ರೇಖಾಂಶದ ಹಾಳೆಯ ಸಂಖ್ಯೆ ಎನ್‌ಇ 43-15. ಅಳತೆ 1:2,50,000. ಅಂದರೆ 1 ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್. ಊರಿನ ಹೆಸರು, ಹೊಳೆಯ ತಿರುವು, ರಸ್ತೆ, ರೈಲು ಹಳಿ ಸಿಗುತ್ತವೆ. ಬಾವಿ, ಗುಡಿಯಂಥ ಸಣ್ಣ ವಿವರ ಸಿಗುವುದಿಲ್ಲ. ಮೊಬೈಲಿನಲ್ಲಿ ಶುರುಮಾಡುವವರಿಗೆ ಇದೇ ಸುಲಭದ ಬಾಗಿಲು.

ಮೂರು, ವಿಶ್ವವಿದ್ಯಾಲಯಗಳ ಭೂಗೋಳ ವಿಭಾಗ ಮತ್ತು ದೊಡ್ಡ ಗ್ರಂಥಾಲಯಗಳು. ಒಂದು ಇಂಚಿನ ಹಳೆಯ ಹಾಳೆಗಳು, 1960–70ರ ದಶಕದ 1:50,000 ಹಾಳೆಗಳು ಕಪಾಟಿನಲ್ಲಿ ಇರುವ ಸಾಧ್ಯತೆ ಇರುವುದು ಇಲ್ಲೇ. ಸಂಖ್ಯೆ ಬರೆದುಕೊಂಡು ಹೋಗಿ ಕೇಳಿ. ‘ಬೀಳಗಿ ನಕಾಶೆ ಇದೆಯೇ’ ಎಂದರೆ ಹುಡುಕುವುದು ಕಷ್ಟ, ‘47ಪಿ/11’ ಎಂದರೆ ಸುಲಭ.

ಮೊದಲು ಇಸವಿ ನೋಡಿ

ಹಾಳೆ ಕೈಗೆ ಬಂದ ಕೂಡಲೇ ಊರು ಹುಡುಕಬೇಡಿ. ಅಂಚಿನಲ್ಲಿರುವ ಸಣ್ಣ ಅಕ್ಷರ ಓದಿ. ಅಲ್ಲಿ ಸಾಮಾನ್ಯವಾಗಿ ಎರಡು ಇಸವಿ ಇರುತ್ತವೆ: ಅಳತೆ ಮಾಡಿದ್ದು ಯಾವಾಗ, ಮುದ್ರಿಸಿದ್ದು ಯಾವಾಗ. ಎರಡರ ನಡುವೆ ಹತ್ತಿಪ್ಪತ್ತು ವರ್ಷದ ಅಂತರ ಇರಬಹುದು. 1955 ಎಂದು ಮುದ್ರಿಸಿದ ಹಾಳೆಯಲ್ಲಿರುವ ಊರು, ರಸ್ತೆ ಅದಕ್ಕೂ ಬಹಳ ಹಿಂದಿನ ಸ್ಥಿತಿ ಆಗಿರಬಹುದು. ಅಮೆರಿಕದ ಸರಣಿಯಲ್ಲಿ ಇದಕ್ಕೆಂದೇ ಕೆಳಗೊಂದು ಪುಟ್ಟ ಚೌಕ ಇರುತ್ತದೆ. ಹಾಳೆಯ ಯಾವ ಭಾಗಕ್ಕೆ ಯಾವ ಮೂಲ ಬಳಸಿದ್ದಾರೆ, ಅದನ್ನು ಎಷ್ಟು ನಂಬಬಹುದು ಎಂದು ಅದು ಹೇಳುತ್ತದೆ.

ಆಮೇಲೆ ಬಣ್ಣ. ಸರ್ವೆ ಆಫ್ ಇಂಡಿಯಾದ ಹಾಳೆಯಲ್ಲಿ ನೀಲಿ ಎಂದರೆ ನೀರು. ಕೆಂಪು ಎಂದರೆ ಮನೆ ಮತ್ತು ರಸ್ತೆ. ಹಸಿರು ಎಂದರೆ ಗಿಡಮರ, ಹಳದಿ ಎಂದರೆ ಸಾಗುವಳಿ ಭೂಮಿ. ಕಂದು ಬಣ್ಣದ ಸುತ್ತುಗೆರೆಗಳು ಎತ್ತರದ ಗೆರೆಗಳು. ಕಪ್ಪು ಬಣ್ಣದಲ್ಲಿ ಅಕ್ಷರ, ರೈಲು ಹಳಿ. ಕೆರೆಯ ಏರಿ ಅಥವಾ ಬಾವಿಯ ಪಕ್ಕ ‘6ಆರ್’ ಎಂಬಂಥ ಗುರುತು ಇಂಗ್ಲಿಷ್ ಅಕ್ಷರದಲ್ಲಿ ಕಂಡರೆ ಅದು ಸಮುದ್ರಮಟ್ಟದ ಲೆಕ್ಕವಲ್ಲ, ಅಲ್ಲಿನ ನೆಲದಿಂದ ಎತ್ತರ ಅಥವಾ ಆಳ. ತ್ರಿಕೋನದೊಳಗೆ ಚುಕ್ಕೆ ಇದ್ದರೆ ಅದು ಸರ್ವೆಯವರು ದೂರದರ್ಶಕ ಇಟ್ಟು ಅಳೆದ ಗುಡ್ಡದ ತುದಿ. ಈ ತ್ರಿಕೋನವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಳೆಯ ಹಾಳೆಯಲ್ಲಿ ನಮ್ಮ ನಾಡು

ಈಗ ಊರು ನೋಡಿ. ಮೊದಲು ಕಣ್ಣಿಗೆ ಬೀಳುವುದು ಜಿಲ್ಲೆಯ ಹೆಸರು. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯವರೆಗೆ ಇದೆಲ್ಲ ವಿಜಾಪುರ ಜಿಲ್ಲೆ. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯ. ಇನ್ನೂ ಹಿಂದಿನ ಹಾಳೆಯಾದರೆ ಗಡಿಗೆರೆಗಳು ಇನ್ನೂ ಹೆಚ್ಚು. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರ ಸಂಸ್ಥಾನ. ಇಂದು ಒಂದೇ ನಗರಸಭೆಯ ಹೆಸರಿನಲ್ಲಿ ಕೂಡಿರುವ ರಬಕವಿ ಮತ್ತು ಬನಹಟ್ಟಿ ಆಗ ಬೇರೆ ಬೇರೆ ಅರಸರ ಊರುಗಳು: ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯದು. ಹೆಜ್ಜೆ ದೂರದ ಎರಡು ನೇಕಾರರ ಊರುಗಳ ನಡುವೆ ಸಂಸ್ಥಾನದ ಗಡಿ ಇತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆ ಈ ಗೆರೆಗಳು ಅಳಿದವು.

ಎರಡನೆಯದು ಹೊಳೆ. ಬೀಳಗಿ ತಾಲೂಕಿನ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಎರಡೂ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಹಳೆಯ ಹಾಳೆಯಲ್ಲಿ ಇವು ಮರಳು ತುಂಬಿದ ಪಾತ್ರದ ನಡುವೆ ಹರಿಯುವ ಹೊಳೆಗಳು. ಇಂದಿನ ಉಪಗ್ರಹ ಚಿತ್ರದಲ್ಲಿ ಅದೇ ಜಾಗದಲ್ಲಿ ಕಾಣುವುದು ಕಿಲೋಮೀಟರುಗಟ್ಟಲೆ ಅಗಲದ ನೀರು. ಕಡಲಿಲ್ಲದ ನಾಡಿಗೆ ಕಡಲಿನಂಥ ದಂಡೆ ಬಂದಿದೆ. ಹಳೆಯ ಹಾಳೆ ಆ ದಂಡೆ ಇರದ ದಿನಗಳದು.

ಮೂರನೆಯದು ಹೊಳೆ ದಾಟುವ ಜಾಗ. ಸೇತುವೆ ಇಲ್ಲದ ಕಡೆ ದೋಣಿಗಡ, ಬೇಸಿಗೆಯಲ್ಲಿ ಕಾಲ್ನಡಿಗೆಯಲ್ಲಿ ದಾಟುವ ಜಾಗ ಎಂದು ಬರೆದಿರುತ್ತಾರೆ. ಚಕ್ಕಡಿ ದಾರಿಗಳೆಲ್ಲ ಬಂದು ಸೇರುವುದು ಅಲ್ಲಿಗೇ. ಸಂತೆ ಯಾವ ಊರಿನದು, ಬೀಗತನ ಯಾವ ದಂಡೆಯ ಊರಿನೊಂದಿಗೆ ಹೆಚ್ಚು ಎಂಬುದಕ್ಕೆ ಈ ದಾರಿಗಳೇ ಕಾರಣ ಎಂದು ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ.

ನಾಲ್ಕನೆಯದು, ಇಲ್ಲದ್ದು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಬ್ಯಾರೇಜ್ ಈ ಹಾಳೆಗಳಲ್ಲಿ ಇರುವುದಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ, ದುಡಿಮೆ ಕೂಡಿಸಿ ಅದನ್ನು ಕಟ್ಟಿದ್ದು 1989ರಲ್ಲಿ. ಬಾಗಲಕೋಟೆಯ ನವನಗರ ಇರುವುದಿಲ್ಲ. ಅದು ಮುಳುಗಡೆಯಾದವರಿಗಾಗಿ ಕಟ್ಟಿದ ನಗರ. ಗದಗ–ಹೋಟಗಿ ರೈಲು ಹಳಿ ಇರುತ್ತದೆ, ಆದರೆ ಆಗಿನ ಮೀಟರ್ ಗೇಜಿನ ಗುರುತಿನಲ್ಲಿ.

ಐದನೆಯದು ಹೆಸರು. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ. ನಮ್ಮ ‘ಳ’ ಅಲ್ಲಿ ‘ಲ’ ಆಗಿರುತ್ತದೆ, ನಡುವಿನ ಅಕ್ಷರ ನುಂಗಿಹೋಗಿರುತ್ತದೆ. ಬೀಳಗಿ ‘ಬಿಲ್ಗಿ’ ಆಗಬಹುದು, ಬಾಡಗಂಡಿ ‘ಬಾಡ್ಗಂಡಿ’ ಆಗಬಹುದು. ಕಣ್ಣಿನಿಂದ ಹುಡುಕದೆ ಬಾಯಿಬಿಟ್ಟು ಓದಿ, ಸಿಗುತ್ತದೆ.

ಮುಖ್ಯವಾದ ಇನ್ನೊಂದು ಸಂಗತಿ: ಒಂದೇ ಊರಿನ ಹೆಸರು ಹಳೆಯ ಹಾಳೆಯಲ್ಲಿ ಒಂದು ಕಡೆ, ಹೊಸದರಲ್ಲಿ ಇನ್ನೊಂದು ಕಡೆ ಇದ್ದರೆ ನಕಾಶೆ ತಪ್ಪು ಎಂದುಕೊಳ್ಳಬೇಡಿ. ಎರಡೂ ಸರಿ. ಊರೇ ಸರಿದಿದೆ. ಕೃಷ್ಣೆಯ ಆಚೆ ದಂಡೆಯ ಕೊಲ್ಹಾರ ಇದಕ್ಕೆ ಒಳ್ಳೆಯ ಉದಾಹರಣೆ. ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರ ಹೊಳೆದಂಡೆಯಲ್ಲಿತ್ತು. ಈಗಿನದು ಎತ್ತರದ ನೆಲದ ಮೇಲೆ ಕಟ್ಟಿದ್ದು.

524.256 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು?

ಆಲಮಟ್ಟಿ ಎಂದ ಕೂಡಲೇ ಬರುವ ಎರಡು ಸಂಖ್ಯೆಗಳು 519.60 ಮೀಟರ್ ಮತ್ತು 524.256 ಮೀಟರ್. ಈಗ ನೀರು ನಿಲ್ಲಿಸುತ್ತಿರುವುದು 519.60ರವರೆಗೆ. ಅದಕ್ಕೆ ಸುಪ್ರೀಂ ಕೋರ್ಟ್ 2000ದ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. 524.256ರವರೆಗೆ ಏರಿಸಬಹುದು ಎಂದು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಹೇಳಿತು.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. 524 ಮೀಟರ್ ಎಂಬುದು ಅಣೆಕಟ್ಟಿನ ಗೋಡೆಯ ಎತ್ತರವೂ ಅಲ್ಲ, ನೀರಿನ ಆಳವೂ ಅಲ್ಲ. ಅದು ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಎತ್ತರ. ಅಣೆಕಟ್ಟು ನೆಲದಿಂದ ಇರುವುದು ಸುಮಾರು 50 ಮೀಟರ್. ಏರಿಸಬೇಕೆಂದಿರುವುದು 519.60ರಿಂದ 524.256ಕ್ಕೆ, ಅಂದರೆ 4.656 ಮೀಟರ್, ಸುಮಾರು 15 ಅಡಿ.

ಆದರೆ ಮೂರು ದಶಾಂಶದವರೆಗೆ ಹೋಗುವ 524.256 ಏಕೆ? 524 ಎಂದೋ 525 ಎಂದೋ ಹೇಳಬಾರದಿತ್ತೇ? ಉತ್ತರ ಹಳೆಯ ನಕಾಶೆಯಲ್ಲಿದೆ. ಹಳೆಯ ಅಳತೆಗಳೆಲ್ಲ ಅಡಿಯಲ್ಲಿ ಇರುತ್ತಿದ್ದವು. ಒಂದು ಅಡಿ ಎಂದರೆ 0.3048 ಮೀಟರ್. ಕ್ಯಾಲ್ಕುಲೇಟರ್ ತೆಗೆದು 1720 ಅಡಿಯನ್ನು 0.3048ರಿಂದ ಗುಣಿಸಿ. ಸರಿಯಾಗಿ 524.256 ಬರುತ್ತದೆ. ಮೀಟರಿನಲ್ಲಿ ವಿಚಿತ್ರವಾಗಿ ಕಾಣುವ ಸಂಖ್ಯೆ ಅಡಿಯಲ್ಲಿ ದುಂಡು ಸಂಖ್ಯೆ. ಇದೇ ಲೆಕ್ಕದಲ್ಲಿ 519.60 ಮೀಟರ್ ಎಂದರೆ ಸುಮಾರು 1705 ಅಡಿ.

ಈಗ ಒಂದು ಇಂಚಿನ ಹಾಳೆ ನೋಡಿ. ಅದರ ಎತ್ತರದ ಗೆರೆಗಳು ಸಾಮಾನ್ಯವಾಗಿ 50 ಅಡಿಗೆ ಒಂದು: 1650, 1700, 1750. ಒಂದು ಗೆರೆಯ ಮೇಲಿನ ಎಲ್ಲ ಜಾಗವೂ ಒಂದೇ ಎತ್ತರದಲ್ಲಿ ಇರುತ್ತದೆ. ನಿಂತ ನೀರು ಸಮತಟ್ಟು. ಹಾಗಾಗಿ ಜಲಾಶಯ ತುಂಬಿದಾಗ ನೀರಿನ ಅಂಚು ಎತ್ತರದ ಗೆರೆಯನ್ನೇ ಹಿಡಿದು ಹೋಗುತ್ತದೆ. 1700 ಅಡಿಯ ಕಂದು ಗೆರೆಯ ಮೇಲೆ ಪೆನ್ಸಿಲ್ ಎಳೆಯುತ್ತ ಹೋದರೆ ಇಂದಿನ ತುಂಬಿದ ಹಿನ್ನೀರಿನ ದಂಡೆ ಹೆಚ್ಚುಕಡಿಮೆ ಮೂಡುತ್ತದೆ. ಗೆರೆಯ ಕೆಳಗೆ, ಹೊಳೆಯ ಕಡೆ, ಕೆಂಪು ಚುಕ್ಕೆಗಳಾಗಿ ಕಾಣುವ ಊರುಗಳೇ ಮುಳುಗಡೆ ಊರುಗಳು. 1720 ಅಡಿ ಎಂಬುದು 1700 ಮತ್ತು 1750ರ ಗೆರೆಗಳ ನಡುವೆ, 1700ಕ್ಕೆ ಹತ್ತಿರವಾಗಿ ಬರುತ್ತದೆ.

ಗೆರೆಗಳು ಒತ್ತೊತ್ತಾಗಿದ್ದರೆ ನೆಲ ಕಡಿದು. ಅಲ್ಲಿ 15 ಅಡಿ ನೀರು ಏರಿದರೂ ದಂಡೆ ಸ್ವಲ್ಪವೇ ಸರಿಯುತ್ತದೆ. ಗೆರೆಗಳು ದೂರ ದೂರ ಇದ್ದರೆ ನೆಲ ಸಪಾಟು. ಅಲ್ಲಿ ಅದೇ 15 ಅಡಿ ಹೊಲದ ಮೇಲೆ ಹೊಲ ದಾಟಿ ಬರುತ್ತದೆ. ಹೊಳೆಸಾಲಿನ ಎರಿ ಭೂಮಿ ಬಹುತೇಕ ಸಪಾಟು. ‘ಬರೀ 15 ಅಡಿ ತಾನೆ’ ಎನ್ನುವವರಿಗೆ ಈ ಹಾಳೆ ತೋರಿಸಿ. ಈ ಏರಿಕೆಗೆ ಮುಳುಗಡೆಯಾಗುವ ಭೂಮಿ ಸುಮಾರು 75 ಸಾವಿರ ಎಕರೆ ಎಂದು ಸರ್ಕಾರದ ಲೆಕ್ಕ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು.

ಇಂದಿನ ಚಿತ್ರದ ಜೊತೆ ತಾಳೆ ಹಾಕುವುದು

ಫೋಟೊದಲ್ಲಿ ಕಂಡ ‘ನಗರ’ ಯಾವುದು ಎಂದು ಹೀಗೆ ಪತ್ತೆ ಮಾಡಿ.

1. ಫೋಟೊ ತೆಗೆದವರಿಂದ ಲೊಕೇಶನ್ ಕೇಳಿ. ಲೊಕೇಶನ್ ಕೊಡದ ಫೋಟೊವನ್ನು ಮುಂದೆ ಕಳಿಸದಿರುವುದೇ ಒಳ್ಳೆಯದು.

2. ಹಳೆಯ ಹಾಳೆ ಮತ್ತು ಇಂದಿನ ಮ್ಯಾಪ್ ಎರಡರಲ್ಲೂ ಇರುವ, ಜಾಗ ಬದಲಿಸದ ಮೂರು ಗುರುತು ಆರಿಸಿ. ಗುಡ್ಡದ ತುದಿಯ ತ್ರಿಕೋನ, ಎತ್ತರದಲ್ಲಿ ಉಳಿದ ಹಳೆಯ ಗುಡಿ, ಕೋಟೆ ಒಳ್ಳೆಯವು. ರಸ್ತೆ ಕೂಡುವ ಜಾಗ ನಂಬಬೇಡಿ, ರಸ್ತೆಗಳು ಸರಿದಿವೆ. ಹೊಳೆಯ ತಿರುವೂ ಬೇಡ, ಅದು ನೀರಿನಡಿ ಇದೆ.

3. ಆ ಮೂರು ಗುರುತುಗಳಿಂದ ಫೋಟೊದ ಜಾಗ ಎಷ್ಟು ದೂರ, ಯಾವ ದಿಕ್ಕಿಗೆ ಎಂದು ಹಾಳೆಯ ಮೇಲೆ ಅಳೆಯಿರಿ. ಕಂಪ್ಯೂಟರ್ ಇದ್ದರೆ ಗೂಗಲ್ ಅರ್ಥ್ ಪ್ರೊದಲ್ಲಿ ಹಳೆಯ ಹಾಳೆಯ ಚಿತ್ರವನ್ನು ಇಂದಿನ ಚಿತ್ರದ ಮೇಲೆ ಹೊದಿಸಿ, ಮಸುಕು ಮಾಡಿ ನೋಡಬಹುದು.

4. ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳಿವೆ. ಅದೇ ಜಾಗಕ್ಕೆ ನೀರು ಯಾವ ವರ್ಷಗಳಲ್ಲಿ ಬಂತು ಎಂದು ಮೊಬೈಲಿನಲ್ಲೇ ನೋಡಬಹುದು. 1984ರ ಚಿತ್ರದಲ್ಲಿ ಒಣ ನೆಲ ಇದ್ದರೆ ಅದು ‘ಸಾವಿರ ವರ್ಷದ ಹಿಂದೆ ಮುಳುಗಿದ’ ನಗರ ಆಗಲು ಸಾಧ್ಯವೇ ಇಲ್ಲ.

ಒಂದು ಎಚ್ಚರಿಕೆ. ಹಳೆಯ ಹಾಳೆಯ ಅಕ್ಷಾಂಶ–ರೇಖಾಂಶವನ್ನು ನೇರವಾಗಿ ಮೊಬೈಲಿಗೆ ಹಾಕಿದರೆ ಜಾಗ ನೂರು ಮೀಟರಿಗೂ ಹೆಚ್ಚು ಸರಿದು ಕಾಣಬಹುದು. ಸರ್ವೆಯವರ ತಪ್ಪಲ್ಲ. ಭೂಮಿಯ ಆಕಾರವನ್ನು ಆಗ ಎವರೆಸ್ಟ್ ಎಂಬ ಸರ್ವೇಯರ್ ಜನರಲ್ ಹೆಸರಿನ ಲೆಕ್ಕದಲ್ಲಿ ಹಿಡಿಯುತ್ತಿದ್ದರು. ಜಿಪಿಎಸ್ ಬೇರೆ ಲೆಕ್ಕ ಹಿಡಿಯುತ್ತದೆ. ಅದಕ್ಕೇ ಮೂರು ಗುರುತುಗಳ ಉಪಾಯ.

ಕೇಳಿಬರುವ ಮಾತುಗಳು, ನಿಜ ಸಂಗತಿ

‘ಹಳೆಯ ಟೊಪೊಶೀಟಿನಲ್ಲಿ ನಮ್ಮ ಹೊಲ ಇದೆ, ಪರಿಹಾರಕ್ಕೆ ಅದೇ ಸಾಕ್ಷಿ.’ ಅಲ್ಲ. ಟೊಪೊಶೀಟ್ ಒಡೆತನ ತೋರಿಸುವುದಿಲ್ಲ. ಅದಕ್ಕೆ ಪಹಣಿ, ಗ್ರಾಮ ನಕಾಶೆ, ಸರ್ವೆ ಇಲಾಖೆಯ ದಾಖಲೆಗಳೇ ಬೇಕು. ನೀವು ನಿಂತ ಜಾಗ ಯಾವ ಸರ್ವೆ ನಂಬರು ಎಂದು ತಿಳಿಯಲು ಕರ್ನಾಟಕ ಸರ್ಕಾರದ ‘ದಿಶಾಂಕ್’ ಆ್ಯಪ್ ಇದೆ.

‘ಗೆರೆ ನೋಡಿದರೆ ನಮ್ಮ ಮನೆ ಮುಳುಗುತ್ತದೋ ಇಲ್ಲವೋ ಖಾತ್ರಿ ಹೇಳಬಹುದು.’ ಹೇಳಲಾಗದು. 50 ಅಡಿ ಅಂತರದ ಗೆರೆಗಳಿಂದ 15 ಅಡಿಯ ಸೂಕ್ಷ್ಮ ಲೆಕ್ಕ ಊಹೆಯಷ್ಟೇ. ಊರಿನ ಒಟ್ಟು ಚಿತ್ರಕ್ಕೆ ನಕಾಶೆ ಸಾಕು, ನಿಮ್ಮ ಮನೆಯ ಹೊಸ್ತಿಲಿಗೆ ಸಾಲದು. ಅದನ್ನು ಹೇಳುವುದು ಅಧಿಕೃತ ಅಳತೆ ಮತ್ತು ಅಧಿಸೂಚನೆ ಮಾತ್ರ. ‘ನಿಮ್ಮ ಜಮೀನು ಪಟ್ಟಿಯಲ್ಲಿದೆಯೇ ನೋಡಲು ಈ ಲಿಂಕ್ ಒತ್ತಿ, ಶುಲ್ಕ ಕಟ್ಟಿ’ ಎಂಬ ಸಂದೇಶ ಬಂದರೆ ಒತ್ತಬೇಡಿ.

‘519 ಮೀಟರಿಗಿಂತ ಮೇಲಿರುವ ಊರಿಗೆ ಯಾವತ್ತೂ ನೀರು ಬರುವುದಿಲ್ಲ.’ ಇದೂ ತಪ್ಪು. ನಿಂತ ನೀರು ಸಮತಟ್ಟು, ಹರಿಯುವ ಪ್ರವಾಹ ಹಾಗಲ್ಲ. ಮಹಾಪೂರದಲ್ಲಿ ಹೊಳೆಯ ನೀರು ಮೇಲ್ಗಡೆ ಎತ್ತರ, ಕೆಳಗಡೆ ತಗ್ಗು ಇರುತ್ತದೆ. 2019ರ ಆಗಸ್ಟಿನ ಪ್ರವಾಹವನ್ನು ಕಂಡ ಜಮಖಂಡಿ, ರಬಕವಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದೇ ಎತ್ತರದ ಗೆರೆ ಹಿಡಿದು ಪ್ರವಾಹದ ಬಗ್ಗೆ ತೀರ್ಪು ಕೊಡುವ ಸಂದೇಶಗಳನ್ನು, ಅವು ಯಾವ ರಾಜ್ಯದ ಪರವಾಗಿದ್ದರೂ, ಅನುಮಾನದಿಂದಲೇ ನೋಡಿ.

‘ಟೊಪೊಶೀಟ್ ಇಟ್ಟುಕೊಂಡರೆ ಪೊಲೀಸ್ ಕೇಸ್.’ ಈ ಹೆದರಿಕೆಗೆ ಹಿಂದೆ ಕಾರಣವಿತ್ತು. ಗಡಿ, ಕರಾವಳಿ ಭಾಗದ ಹಾಳೆಗಳಿಗೆ ಕಟ್ಟುನಿಟ್ಟು ಇತ್ತು. 2005ರ ರಾಷ್ಟ್ರೀಯ ನಕಾಶೆ ನೀತಿ ರಕ್ಷಣೆಗೆ ಒಂದು ಸರಣಿ, ಸಾರ್ವಜನಿಕರಿಗೆ ಒಂದು ಸರಣಿ ಎಂದು ಬೇರೆ ಮಾಡಿತು. 2021ರ ಫೆಬ್ರುವರಿಯಲ್ಲಿ ನಿಯಮ ಇನ್ನಷ್ಟು ಸಡಿಲವಾಯಿತು. ಸಾರ್ವಜನಿಕ ಸರಣಿಯ ಹಾಳೆ ನೋಡಲು ಯಾವ ಹೆದರಿಕೆಯೂ ಬೇಡ. ‘ನಿರ್ಬಂಧಿತ’ ಎಂದು ಮುದ್ರಿಸಿದ ಹಾಳೆಯನ್ನು ಮಾತ್ರ ಗುಂಪುಗಳಲ್ಲಿ ಹಂಚಬೇಡಿ.

‘ನಕಾಶೆಯಲ್ಲಿ ಇಲ್ಲ ಎಂದರೆ ಊರೇ ಇರಲಿಲ್ಲ.’ ಹಾಗೇನಿಲ್ಲ. ಒಂದು ಇಂಚಿನ ಹಾಳೆಯಲ್ಲಿ ನಾಲ್ಕು ಮನೆಯ ತೋಟಪಟ್ಟಿ, ಹೊಲದ ನಡುವಿನ ದೇವರಕಟ್ಟೆ ಬಿಟ್ಟುಹೋಗಿರಬಹುದು. ಜಾಗ ಸಾಲದೆ ಹೆಸರು ಕೈಬಿಟ್ಟಿರಬಹುದು. ಕುದುರೆ, ಚಕ್ಕಡಿಯ ಮೇಲೆ ತಿರುಗಿ ಅಳೆದವರ ಕಣ್ಣಿಗೆ ಬಿದ್ದದ್ದಷ್ಟೇ ಅದರಲ್ಲಿದೆ.

ಈ ಬೇಸಿಗೆಯಲ್ಲಿ ಮಾಡಬಹುದಾದ ಒಂದು ಕೆಲಸ

ನಕಾಶೆಯಲ್ಲಿ ಸಿಗದ್ದು ಇನ್ನೂ ಬಹಳಷ್ಟಿದೆ. ಅಗಸಿ ಯಾವ ಕಡೆ ಇತ್ತು, ಯಾರ ಓಣಿ ಎಲ್ಲಿತ್ತು, ಹಳ್ಳದ ದಂಡೆಯ ಹೊಲಕ್ಕೆ ಏನೆಂದು ಕರೆಯುತ್ತಿದ್ದರು, ಸಿಹಿನೀರಿನ ಬಾವಿ ಯಾವುದು, ಜಾತ್ರೆಯ ತೇರು ಎಲ್ಲಿಯವರೆಗೆ ಹೋಗುತ್ತಿತ್ತು. ಇವು ಇರುವುದು ಹಳೆಯ ಊರಿನಲ್ಲಿ ಬಾಳಿ, ಪುನರ್ವಸತಿ ಕೇಂದ್ರಕ್ಕೆ ಬಂದ ಹಿರಿಯರ ನೆನಪಿನಲ್ಲಿ. ನೀರು ಬಂದಾಗ 40 ವರ್ಷದವರಾಗಿದ್ದವರಿಗೆ ಈಗ 65 ದಾಟಿದೆ. ಪುನರ್ವಸತಿ ಕೇಂದ್ರದಲ್ಲೇ ಹುಟ್ಟಿದ ಮಕ್ಕಳಿಗೆ ಹಳೆಯ ಊರು ಎಂದರೆ ಬೇಸಿಗೆಯಲ್ಲಿ ಕಾಣುವ ಕಲ್ಲುಗಳಷ್ಟೇ.

ನಿಮ್ಮ ಹಾಳೆಯ ಆ ಭಾಗವನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆಸಿ. ಅಜ್ಜನ, ಅಜ್ಜಿಯ ಮುಂದೆ ಹಾಸಿ. ಮೊದಲು ಹೊಳೆ, ಆಮೇಲೆ ಗುಡ್ಡ, ಆಮೇಲೆ ಊರು ಯಾವುದು ಎಂದು ಬೆರಳಿಟ್ಟು ತೋರಿಸಿ. ದಿಕ್ಕು ಸಿಕ್ಕಿತೆಂದರೆ ಉಳಿದದ್ದನ್ನು ಅವರೇ ಹೇಳುತ್ತಾರೆ. ಹೇಳಿದ್ದನ್ನು ಹಾಳೆಯ ಮೇಲೆಯೇ ಕನ್ನಡದಲ್ಲಿ ಬರೆಯಿರಿ, ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ದಿನಾಂಕ ಹಾಕಿ ಇಟ್ಟುಕೊಳ್ಳಿ.

1720 ಅಡಿಯ ಗೆರೆಯೊಳಗೆ ಬರುವ ಊರುಗಳವರು ಇದನ್ನು ಇನ್ನೂ ಬೇಗ ಮಾಡಬೇಕು. ಅವರ ಊರು ಇನ್ನೂ ನೆಲದ ಮೇಲಿದೆ. ಬಾವಿ, ಗುಡಿ, ಶಾಸನ, ಓಣಿ ಎಲ್ಲವನ್ನೂ ಲೊಕೇಶನ್ ಸಮೇತ ಫೋಟೊ ತೆಗೆದಿಡಲು ಸಾಧ್ಯವಿದೆ. ಮೊದಲ ಮುಳುಗಡೆಯವರಿಗೆ ಕೈಯಲ್ಲಿ ಇಂಥ ಫೋನ್ ಇರಲಿಲ್ಲ.

ಮುಂದಿನ ಸಲ ‘ಹಿನ್ನೀರಿನಲ್ಲಿ ಪುರಾತನ ನಗರ’ ಎಂಬ ಫೋಟೊ ಬಂದಾಗ ಶೇರ್ ಒತ್ತುವ ಮೊದಲು ಮೂರು ಪ್ರಶ್ನೆ ಕೇಳಿ: ಲೊಕೇಶನ್ ಎಲ್ಲಿ? ಹಳೆಯ ಹಾಳೆಯಲ್ಲಿ ಅಲ್ಲಿ ಯಾವ ಊರಿತ್ತು? ಆ ಊರಿನವರು ಈಗ ಎಲ್ಲಿದ್ದಾರೆ? ಉತ್ತರ ಸಿಕ್ಕರೆ ಆ ಫೋಟೊದ ಕೆಳಗೆ ಊರಿನ ಹೆಸರು ಬರೆದು ಕಳಿಸಿ. ಆ ಊರಿನ ಯಾರಾದರೂ ಅದೇ ಗುಂಪಿನಲ್ಲಿರಬಹುದು.